ಹತ್ತು ಕಾರ್ಡಿನಲ್ಲೂ ಬೊಂಡಾಸನ್ನೇ ಕಂಡವಳ ಅಹವಾಲು

ಘನತೆವೆತ್ತ ಶಾಯಿ ಕಲೆಗಳ ಸನ್ನಿಧಾನಕ್ಕೆ,
ಒಂದನೆಯ ಕಾರ್ಡಿನವರಿಂದ ಹತ್ತನೆಯ ಕಾರ್ಡಿನವರವರೆಗೆ,
ಮನಶ್ಶಾಸ್ತ್ರ ಸಲಹಾ ಕೇಂದ್ರ, ಎರಡನೆಯ ಮಹಡಿ, ಬೀಗ ಹಾಕಿದ ಕಪಾಟು, ಗಾಂಗ್‌ನುಂಗ್ ನಗರ.

ಮಾನ್ಯರೇ,

ಜುಮುನ್‌ಜಿನ್ ಬಂದರಿನಲ್ಲಿ ಬೊಂಡಾಸ್ ಮೀನು ಸೀಳುವ ಚಪ್ಪರದಿಂದ ತಾಕ್ ಮಾಲ್‌ಸುನ್ ಎಂಬ ಅರವತ್ತು ದಾಟಿದ ಹೆಂಗಸು ಹಣೆ ನೆಲಕ್ಕೆ ಮುಟ್ಟಿಸಿ ಮಾಡುವ ನಮಸ್ಕಾರಗಳು. ತಾವು ಹತ್ತೂ ಮಂದಿ ಕ್ಷೇಮವಾಗಿದ್ದೀರೆಂದೂ, ಕಪಾಟಿನ ಕತ್ತಲೆಯಲ್ಲಿ ತೇವ ತಾಗದೆ, ಮೂಲೆ ಮುದುರದೆ, ಎಡಬಲಗಳು ಮೊದಲಿನಂತೆಯೇ ಒಂದಕ್ಕೊಂದು ಹೊಂದಿಕೊಂಡು ಇದ್ದೀರೆಂದೂ ನಂಬಿದ್ದೇನೆ. ತಮ್ಮಂಥ ಹೆಸರುವಾಸಿಗಳಿಗೆ ನನ್ನಂಥವಳು ಕಾಗದ ಬರೆಯುವುದು ಅಧಿಕಪ್ರಸಂಗವೇ ಸರಿ. ಆದರೆ ತಮ್ಮೆದುರಿಗೆ ಕೂತು ನಾನೊಬ್ಬಳೇ ಗಂಟೆಗಟ್ಟಲೆ ಮಾತಾಡಿದ್ದೇನೆ, ತಾವು ತುಟಿ ಪಿಟಕ್ಕೆನ್ನಲಿಲ್ಲ. ಆದ್ದರಿಂದ ಈ ಸಲವೂ ನಾನೇ ಮಾತಾಡುವುದು ತಮಗೆ ಹೊಸದೇನೂ ಅನ್ನಿಸಲಿಕ್ಕಿಲ್ಲ.

ಸಂಗತಿ ತಮಗೆ ನೆನಪಿಲ್ಲದಿದ್ದರೆ ಹೇಳುತ್ತೇನೆ. ನನ್ನ ಮೊಮ್ಮಗಳು ದಾನ್‌ಬಿಗೆ ಏಳು ವರ್ಷ. ಅವಳ ಅಪ್ಪ ಅಮ್ಮ, ಅಂದರೆ ನನ್ನ ಅಳಿಯ ಮತ್ತು ನನ್ನ ಒಬ್ಬಳೇ ಮಗಳು, ಹೋದ ಚಳಿಗಾಲದಲ್ಲಿ ಘಾಟಿಯ ಹಿಮದ ರಸ್ತೆಯಲ್ಲಿ ಕಾರು ಜಾರಿ ತೀರಿಕೊಂಡರು. ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಬರೆದರೆ ತಾವು ಅದಕ್ಕೂ ಒಂದು ಅಂಕ ಹಾಕಿಬಿಟ್ಟೀರಿ. ಅಂದಿನಿಂದ ಮಗು ನನ್ನ ಮನೆಯಲ್ಲಿದೆ. ಕಾನೂನಿನ ಪ್ರಕಾರ ಅವಳಿಗೆ ಒಬ್ಬರು ಪಾಲಕರು ಆಗಬೇಕು ಎಂದರು, ನಾನು ಅರ್ಜಿ ಹಾಕಿದೆ. ಅಳಿಯನ ಅಕ್ಕ ಬಾನ್ ಮ್ಯೋಂಗ್‌ಹೀ, ವೊನ್‌ಜು ನಗರದಲ್ಲಿ ವಿಮಾ ಕಚೇರಿಯಲ್ಲಿರುವವಳು, ಅವಳೂ ಅರ್ಜಿ ಹಾಕಿದಳು. ಕೆಟ್ಟವಳಲ್ಲ. ಮಕ್ಕಳಿಲ್ಲದ ಮನೆ, ತಮ್ಮನ ಮಗಳ ಮೇಲೆ ಆಸೆ, ಲಿಫ್ಟಿರುವ ಅಪಾರ್ಟ್‌ಮೆಂಟು. ನ್ಯಾಯಾಧೀಶರು ನಮ್ಮಿಬ್ಬರ ಮುಖವನ್ನೂ ನೋಡಿದರು, ಇಬ್ಬರದೂ ಅತ್ತು ಊದಿಕೊಂಡ ಮುಖವೇ ಆಗಿದ್ದರಿಂದ ಏನೂ ಬಗೆಹರಿಯದೆ, ಮಗುವನ್ನೂ ಸೇರಿಸಿ ಮೂವರನ್ನೂ ಮನಸ್ಸಿನ ಪರೀಕ್ಷೆಗೆಂದು ತಮ್ಮ ಬಳಿಗೆ ಕಳಿಸಿದರು.

ನಾನು ಬೆಳಗಿನ ಪಾಳಿ ಮುಗಿಸಿ, ಕಟ್ಟಿದ್ದ ಏಪ್ರನ್ನು ಬಿಚ್ಚಿ ಮಡಚಿ ಅಂಗಳದ ತಂತಿಗೆ ಹಾಕಿ, ಇದ್ದುದರಲ್ಲಿ ಒಳ್ಳೆಯ ಕೋಟು ತೊಟ್ಟು ಬಸ್ಸು ಹತ್ತಿ ಬಂದೆ. ತಮ್ಮನ್ನು ಕಪಾಟಿನಿಂದ ಹೊರತೆಗೆದವಳು ಪ್ಯೋ ಯುಜಿನ್ ಎಂಬ ಮನಶ್ಶಾಸ್ತ್ರದ ಹುಡುಗಿ, ಮೂವತ್ತರ ಆಸುಪಾಸು, ಸಣ್ಣ ದನಿ, ಕೈ ತಣ್ಣಗಿತ್ತು. ಪೊಟ್ಟಣದ ಕಾಫಿ ಕಲಸಿಕೊಟ್ಟು, "ಸರಿ ತಪ್ಪು ಅಂತ ಏನೂ ಇಲ್ಲ ಅಮ್ಮಾ, ಕಂಡಿದ್ದನ್ನ ಹೇಳಿ" ಅಂದಳು. ಈ ಒಂದು ಮಾತನ್ನು ನಾನು ನಂಬಿದೆ. ಶಾಲೆಯಲ್ಲಿ ಹೆಚ್ಚು ಓದದ ನನ್ನಂಥವಳಿಗೆ ಸರಿ ತಪ್ಪಿಲ್ಲದ ಪರೀಕ್ಷೆ ಸಿಕ್ಕಿತಲ್ಲ ಎಂದು ಒಳಗೊಳಗೆ ಖುಷಿಪಟ್ಟೆ ಕೂಡ.

ಇಲ್ಲಿ ಒಂದು ಮಾತು ತಿಳಿಸಬೇಕು. ಬೊಂಡಾಸ್ ಎಂದರೆ ಎಲುಬಿಲ್ಲದ, ಹತ್ತು ಕಾಲಿನ, ಹೊಟ್ಟೆಯೊಳಗೆ ಶಾಯಿಯ ಚೀಲ ಹೊತ್ತುಕೊಂಡೇ ಹುಟ್ಟುವ ಮೀನು. ನಾವು ಅದರ ಹೊಟ್ಟೆಯನ್ನು ಉದ್ದಕ್ಕೆ ಸೀಳಿ, ಪುಸ್ತಕ ಬಿಚ್ಚಿದ ಹಾಗೆ ಬಿಚ್ಚಿ, ಬಿದಿರು ಕಡ್ಡಿಗೆ ಪೋಣಿಸಿ ಸಾಲಾಗಿ ಒಣಹಾಕುತ್ತೇವೆ. ಬಿಚ್ಚಿದ ಬೊಂಡಾಸಿನ ಎಡಗಡೆ ಹೇಗೋ ಬಲಗಡೆಯೂ ಹಾಗೆಯೇ. ಮದುವೆಯಾಗಿ ಈ ಊರಿಗೆ ಬಂದಂದಿನಿಂದ ಬೆಳಗಾದರೆ ನನ್ನ ಕಣ್ಣೆದುರಿಗೆ ಇರುವುದು ಅದೇ. ಇಂಥವಳ ಮುಂದೆ ತಾವು ಬಂದು, ನಡುವಿನಿಂದ ಬಿಚ್ಚಿಕೊಂಡು, ಎಡಬಲ ಸರಿಸಮ ಮಾಡಿಕೊಂಡು, ಮೈತುಂಬ ಶಾಯಿ ಬಳಿದುಕೊಂಡು ನಿಂತರೆ ನಾನು ಇನ್ನೇನನ್ನು ಕಾಣಬೇಕಿತ್ತು ಎಂಬುದನ್ನು ತಾವೇ ಎದೆ ಮುಟ್ಟಿಕೊಂಡು ಹೇಳಬೇಕು, ಎದೆ ಎಂಬುದು ತಮ್ಮಲ್ಲಿ ಯಾವ ಕಡೆಗಿದೆಯೋ ಆ ಕಡೆ.

ಒಂದನೆಯವರಲ್ಲಿ ಬೊಂಡಾಸ್ ಕಂಡಿತು. ಎರಡನೆಯವರಲ್ಲಿ ಅದಕ್ಕಿಂತ ಎಳೆಯ ಬೊಂಡಾಸ್. "ಇನ್ನೇನಾದ್ರೂ ಕಾಣತ್ತಾ ಅಮ್ಮಾ?" ಎಂದು ಕೇಳಿದ್ದಕ್ಕೆ, "ಕಾಣತ್ತೆ, ಇದನ್ನ ಸೀಳಿದವಳಿಗೆ ಕೈ ಪಳಗಿಲ್ಲ, ಶಾಯಿ ಚೀಲ ಒಡೆದು ಹಾಕಿದಾಳೆ" ಎಂದೆ. ಯಾವ ಭಾಗ ನೋಡಿ ಹಾಗೆ ಅನ್ನಿಸಿತು ಎಂದು ಮತ್ತೆ ಮೊದಲಿನಿಂದ ಕೇಳಿದಳು. ನಾನು ಚಾಕು ಎಲ್ಲಿ ಇಳಿಯಬೇಕಿತ್ತು, ಎಲ್ಲಿ ಜಾರಿದೆ ಎಂದು ಬೆರಳಲ್ಲಿ ಗೆರೆ ಎಳೆದು ತೋರಿಸಿದೆ. ಎಂಟನೆಯವರೂ ಒಂಬತ್ತನೆಯವರೂ ಹತ್ತನೆಯವರೂ ಗುಲಾಬಿ, ಹಸಿರು, ಹಳದಿ ಬಣ್ಣ ಹಚ್ಚಿಕೊಂಡು ಬಂದಿದ್ದರಲ್ಲ, ಅವರನ್ನು ಕಂಡು ನನಗೆ ನಿಜಕ್ಕೂ ಗಾಬರಿಯಾಯಿತು. "ಮಗಳೇ, ಇದು ಹಳಸಿದೆ. ಇದನ್ನ ಯಾರಿಗೂ ಮಾರಬೇಡಿ, ತಿಂದೋರಿಗೆ ವಾಂತಿ ಭೇದಿ ಹಿಡಿಯತ್ತೆ" ಎಂದೆ. ಸಾರ್ವಜನಿಕರ ಆರೋಗ್ಯದ ಕಾಳಜಿಯಿಂದ ಹೇಳಿದ ಮಾತು ಅದು. ಹುಡುಗಿ ತಲೆ ಎತ್ತದೆ ಎಲ್ಲವನ್ನೂ ಬರೆದುಕೊಂಡಳು.

ಆ ಉತ್ತರಗಳನ್ನು ಕಂಪ್ಯೂಟರಿಗೆ ಹಾಕಿದರೆ ಅದೇ ಲೆಕ್ಕ ಮಾಡಿ ವರದಿ ಕೊಡುತ್ತದಂತೆ. ಆ ವರದಿಯಲ್ಲಿ ತಾವು ನನ್ನ ಬಗ್ಗೆ ತಿಳಿಸಿದ ವಿಷಯಗಳನ್ನು ಓದಿ ನಾನು ಮೂಗಿನ ಮೇಲೆ ಬೆರಳಿಟ್ಟೆ. ನಲವತ್ತು ವರ್ಷ ಜೊತೆಗೆ ಬಾಳಿ ತೀರಿಕೊಂಡ ನನ್ನ ಗಂಡನಿಗೂ ಗೊತ್ತಾಗದ ಸತ್ಯಗಳನ್ನು ತಾವು ಒಂದೇ ದಿನದಲ್ಲಿ ಪತ್ತೆ ಮಾಡಿದ್ದೀರಿ. ಸೀಳಿದ ದೇಹಗಳ ಮೇಲೆ ನನಗೆ ವಿಪರೀತ ಆಸಕ್ತಿಯಂತೆ. ಚಾಕುವಿನ ಮಾತು ಬಂದದ್ದರಿಂದ ಒಳಗೆ ಅದುಮಿಟ್ಟ ಸಿಟ್ಟಿದೆಯಂತೆ. ತಿನ್ನುವ ವಸ್ತುಗಳನ್ನೇ ಕಂಡದ್ದರಿಂದ ಇನ್ನೊಬ್ಬರ ಮೇಲೆ ಒರಗಿಕೊಳ್ಳುವ ಸ್ವಭಾವವಂತೆ. ಹತ್ತರಲ್ಲಿ ಒಂದು ಕಡೆಯಾದರೂ ಮನುಷ್ಯರನ್ನು ಕಾಣಲಿಲ್ಲವಾದ್ದರಿಂದ ಮನುಷ್ಯ ಸಂಬಂಧಗಳೇ ಬೇಡವಾದವಳಂತೆ. ಮಾನ್ಯರೇ, ಮನುಷ್ಯ ಸಂಬಂಧ ಬೇಡವಾಗಿದ್ದರೆ ನಾನು ಆ ಮಗುವಿಗಾಗಿ ಬಸ್ಸು ಹತ್ತಿ ತಮ್ಮ ಮುಂದೆ ಬಂದು ಕೂರುತ್ತಿದ್ದೆನೇ? ಆದರೂ ತಾವು ಕಂಡುಹಿಡಿದಿದ್ದೀರೆಂದ ಮೇಲೆ ಇರಲೇಬೇಕು ಎಂದುಕೊಂಡು ಎರಡು ದಿನ ನನ್ನ ಒಳಗಿನ ಸಿಟ್ಟನ್ನು ಹುಡುಕಿದೆ. ಹುಡುಕಿ ಹುಡುಕಿ ಸಿಟ್ಟು ಬಂತು, ಅಷ್ಟೇ.

ಇತ್ತ ಮ್ಯೋಂಗ್‌ಹೀ ತಮ್ಮಲ್ಲಿ ಚಿಟ್ಟೆ ಕಂಡಳು, ಹೂವು ಕಂಡಳು, ಇಬ್ಬರು ಗೆಳತಿಯರು ಎದುರುಬದುರು ನಿಂತು ಬಾಗಿ ನಮಸ್ಕಾರ ಮಾಡುವುದನ್ನು ಕಂಡಳು. ನಮ್ಮ ದೇಶದಲ್ಲಿ ಟ್ಯೂಷನ್ ಇಲ್ಲದ ಪರೀಕ್ಷೆ ಯಾವುದಿದೆ ಹೇಳಿ. ಕಾಲೇಜಿಗೆ ಟ್ಯೂಷನ್, ಕೆಲಸದ ಸಂದರ್ಶನಕ್ಕೆ ಟ್ಯೂಷನ್, ಮಕ್ಕಳು ಹಗ್ಗ ಜಿಗಿಯುವುದಕ್ಕೂ ಟ್ಯೂಷನ್ ಇರುವಾಗ ತಮಗೆ ಮಾತ್ರ ಇರುವುದಿಲ್ಲವೇ? ವೊನ್‌ಜುವಿನಲ್ಲಿ ಯಾರೋ ಒಬ್ಬರ ಬಳಿ ವಾರಾಂತ್ಯ ಕೂತು, ಯಾವ ಕಾರ್ಡಿನಲ್ಲಿ ಏನನ್ನು ಕಾಣುವುದು ಸಭ್ಯರ ಲಕ್ಷಣ ಎಂದು ಕಲಿತು ಬಂದಿದ್ದಳು. ಕಪಾಟಿಗೆ ಬೀಗ ಹಾಕಿಕೊಂಡು ತಾವು ಕಾಪಾಡಿದ ಗುಟ್ಟು ಮೊಬೈಲಿನಲ್ಲಿ ಎಲ್ಲರ ಕೈಗೂ ಸಿಗುತ್ತದೆ ಎಂಬ ಸುದ್ದಿಯನ್ನು ತಮಗೆ ಮುಟ್ಟಿಸಲು ನನಗೆ ಬೇಸರವಾಗುತ್ತದೆ. ಅವಳ ವರದಿ ಬಂತು: ಮನಸ್ಸು ಸಮತೋಲನದಲ್ಲಿದೆ, ಕಲ್ಪನೆ ಸಮೃದ್ಧವಾಗಿದೆ, ಜನರ ಜೊತೆ ಬೆರೆಯುವ ಗುಣವಿದೆ. ನನಗೆ ಆಗ ಹೆದರಿಕೆ ಶುರುವಾಯಿತು. ಮಗು ಕೈಬಿಟ್ಟು ಹೋಗುತ್ತದೆ ಎಂದು ಅವತ್ತು ಮೊದಲ ಸಲ ಅನ್ನಿಸಿತು.

ನನ್ನ ವಕೀಲರು ಬೇಡಿಕೊಂಡದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ ನನಗೆ ಇನ್ನೊಂದು ಭೇಟಿ ಕೊಟ್ಟಿರಿ. ಈ ಸಲ ಚಪ್ಪರದ ಹೆಂಗಸರೆಲ್ಲ ಸೇರಿ ನನ್ನನ್ನು ತಯಾರು ಮಾಡಿದರು. ಪಕ್ಕದ ಹಲಗೆಯಲ್ಲಿ ಮೀನು ಸೀಳುವ, ನನ್ನ ಪಕ್ಕದ ಮನೆಯವಳೇ ಆದ ಓಕ್‌ಬುನ್ ಸೀಳಿದ ಬೊಂಡಾಸೊಂದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, "ಹೇಳು ಅಕ್ಕಾ, ಇದೇನು?" ಎಂದು ಕೇಳುವುದು, ನಾನು "ಚಿಟ್ಟೆ" ಎನ್ನುವುದು. ಕೊಳ್ಳಲು ಬಂದ ಪ್ರವಾಸಿಗಳು ಮುಖ ಮುಖ ನೋಡಿಕೊಂಡು ಮುಂದಿನ ಅಂಗಡಿಗೆ ಹೋದರು. "ಬರೀ ಚಿಟ್ಟೆ ಅಂದ್ರೆ ಸಾಲಲ್ಲ ಕಣಕ್ಕಾ, ಮನುಷ್ಯರನ್ನ ಸೇರಿಸು, ಏನಾದ್ರೂ ಕೆಲಸ ಮಾಡ್ತಾ ಇರ್ಲಿ, ಸುಮ್ನೆ ನಿಂತಿರೋರು ಬೇಡ" ಎಂದು ಓಕ್‌ಬುನ್ ಎಚ್ಚರಿಸಿದಳು. ನಾನು ತಮ್ಮೆದುರಿಗೆ ಬೆನ್ನು ನೆಟ್ಟಗೆ ಮಾಡಿ ಕೂತು ಒಂದನೆಯವರಿಗೆ ಚಿಟ್ಟೆ ಎಂದೆ, ಎರಡನೆಯವರಿಗೆ ಚಿಟ್ಟೆ ಎಂದೆ, ಮೂರನೆಯವರ ಹತ್ತಿರ ಬಂದಾಗ ಗಂಟಲು ಸರಿಮಾಡಿಕೊಂಡು, "ಇಬ್ಬರು ಹೆಂಗಸರು ಎದುರುಬದುರು ಕೂತು ಮಾತಾಡ್ತಾ ಇದಾರೆ" ಎಂದೆ. ಹುಡುಗಿಯ ಮುಖ ಅರಳಿತು. "ಏನು ಮಾಡ್ತಾ ಕೂತಿದಾರೆ ಅಮ್ಮಾ?" ಎಂದು ಕೇಳಿದಳು. ನಾನು ಎಷ್ಟು ತಡೆದುಕೊಂಡರೂ ಬಾಯಿಂದ ಬಂದೇ ಬಿಟ್ಟಿತು, "ಬೊಂಡಾಸ್ ಸೀಳ್ತಾ."

ಎರಡನೆಯ ವರದಿಯಲ್ಲಿ ತಾವು ನನ್ನನ್ನು ಬೇರೆಯೇ ಹೆಂಗಸನ್ನಾಗಿ ಮಾಡಿದ್ದಿರಿ. ಈಗ ನಾನು ಒಳಗಿನದನ್ನು ಮುಚ್ಚಿಡುವವಳು, ಎದುರಿಗಿರುವವರನ್ನು ಮೆಚ್ಚಿಸಲು ಹೊರಟವಳು. ಹೆಚ್ಚು ಹೇಳಿದರೆ ಚೆಲ್ಲಾಪಿಲ್ಲಿಯಾದ ಮನಸ್ಸು, ಕಡಿಮೆ ಹೇಳಿದರೆ ಬಾಗಿಲು ಹಾಕಿಕೊಂಡ ಮನಸ್ಸು, ಒಂದೇ ಹೇಳಿದರೆ ಬಡ ಮನಸ್ಸು. ಹೇಗೆ ಹಾಕಿದರೂ ಸೋಲದ ತಮ್ಮ ಆಟವನ್ನು ನಾನು ಮನಸಾರೆ ಮೆಚ್ಚಿದೆ. ಅದೇ ಉತ್ತರಗಳನ್ನು ಆ ಕೇಂದ್ರದ ಹಿರಿಯ ತಜ್ಞರೊಬ್ಬರು ನೋಡಿ, ಇದು ಸಿಟ್ಟಲ್ಲ, ದುಃಖ ಎಂದರಂತೆ. ಒಂದೇ ಮೀನನ್ನು ಇಬ್ಬರು ತಕ್ಕಡಿಯಲ್ಲಿಟ್ಟಾಗ ಎರಡು ತೂಕ ಬಂದರೆ ನಮ್ಮ ಬಂದರಿನಲ್ಲಿ ತಕ್ಕಡಿಯನ್ನು ಸಮುದ್ರಕ್ಕೆಸೆಯುತ್ತಾರೆ. ತಮ್ಮಲ್ಲಿ ಮೀನಿನ ಮೇಲೇ ಅನುಮಾನ.

ವರದಿಯ ಕೊನೆಯಲ್ಲಿ ಒಂದು ಸಾಲಿತ್ತು: ಹೊರಗೆ ಗಟ್ಟಿಯಾಗಿ ಕಂಡರೂ ಒಳಗೊಳಗೆ ಚಿಂತಿಸುವ ಸ್ವಭಾವ, ತನ್ನ ಕಷ್ಟವನ್ನು ಯಾರೂ ಅರ್ಥಮಾಡಿಕೊಂಡಿಲ್ಲ ಎಂಬ ಭಾವನೆ ಇದೆ. ಇದು ನನ್ನನ್ನು ಚುಚ್ಚಿತು, ಎಷ್ಟು ಸರಿಯಾಗಿ ಹೇಳಿದ್ದಾರೆ ಎಂದು ಕಣ್ಣಲ್ಲಿ ನೀರೂ ಬಂತು. ಆಮೇಲೆ ಸುಮ್ಮನೆ ನೋಡೋಣವೆಂದು, ಇದು ನಿನ್ನ ವರದಿ ಎಂದು ಹೇಳಿ ಓಕ್‌ಬುನ್‌ಗೆ ಓದಿದೆ. ಅವಳು ಕೈಯಲ್ಲಿದ್ದ ಚಾಕು ಕೆಳಗಿಟ್ಟು, "ಯಾರಕ್ಕಾ ಅವ್ರು, ನನ್ನ ನೋಡದೇನೇ ನನ್ನ ಹೊಟ್ಟೇಲಿರೋದು ಹೇಳಿದಾರೆ" ಎಂದು ಅತ್ತಳು. ಹರಾಜು ಕೂಗುವ ಗಂಡಸಿಗೆ ಓದಿದೆ, ಆತ ಸಿಗರೇಟು ಹಚ್ಚಿಕೊಂಡು ಸಮುದ್ರದ ಕಡೆ ತಿರುಗಿ ನಿಂತುಬಿಟ್ಟ. ಮಾರುಕಟ್ಟೆಯ ಮೂಲೆಯಲ್ಲಿ ಕಣಿ ಹೇಳುವ ಮುದುಕಿಯೂ ಇದೇ ಮಾತನ್ನು ಹೇಳುತ್ತಾಳೆ, ಜೊತೆಗೆ ಬಾಗಿಲಿಗೆ ಅಂಟಿಸಲು ಹಳದಿ ಕಾಗದದ ತಾಯಿತವನ್ನೂ ಕೊಡುತ್ತಾಳೆ. ತಾವು ಅದನ್ನೂ ಶುರು ಮಾಡಬಹುದಲ್ಲವೇ ಎಂಬುದು ನನ್ನ ಸವಿನಯ ಸಲಹೆ.

ಇಲ್ಲಿಯವರೆಗಿನದನ್ನೆಲ್ಲ ನಾನು ಹೊಟ್ಟೆಗೆ ಹಾಕಿಕೊಂಡೆ, ಮಾನ್ಯರೇ. ಆದರೆ ಆಮೇಲೆ ತಾವು ಮಗುವನ್ನು ಕೂರಿಸಿಕೊಂಡಿರಿ. ದಾನ್‌ಬಿಯ ವರದಿಯನ್ನು ಮ್ಯೋಂಗ್‌ಹೀಯ ವಕೀಲರು ನ್ಯಾಯಾಲಯದಲ್ಲಿ ಗಟ್ಟಿಯಾಗಿ ಓದಿದರು: ಕಲೆಯಾದ, ಮಲಿನವಾದ ಬಟ್ಟೆ ಪದೇ ಪದೇ ಕಾಣಿಸಿಕೊಂಡಿದೆ, ಆರೈಕೆಯ ಕೊರತೆಯ ಸೂಚನೆ ಇರಬಹುದು. ಇರಬಹುದು ಎಂಬ ಪದವನ್ನು ಅವರು ಮೆಲ್ಲಗೆ ಓದಿದರು, ಮಿಕ್ಕದ್ದನ್ನು ಜೋರಾಗಿ. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಮಗುವಿಗೆ ದಿನಾ ಒಗೆದ ಬಟ್ಟೆಯನ್ನೇ ಹಾಕುತ್ತೇನೆ, ಸಾಕ್ಸಿಗೂ ಇಸ್ತ್ರಿ ಹಾಕುತ್ತೇನೆ, ಓಕ್‌ಬುನ್ ಅದಕ್ಕಾಗಿ ನನ್ನನ್ನು ಆಡಿಕೊಂಡು ನಗುತ್ತಾಳೆ. ಆದರೂ ಮನೆಗೆ ಮೀನಿನ ವಾಸನೆ ಇದೆ, ನನ್ನ ಉಗುರಿನ ಸಂದಿಯಿಂದ ಶಾಯಿ ಹೋಗುವುದಿಲ್ಲ, ಇದೆಲ್ಲ ಮಗುವಿಗೆ ಅಸಹ್ಯವಾಗಿ, ಬಾಯಿಬಿಟ್ಟು ಹೇಳಲಾರದೆ ತಮ್ಮ ಹತ್ತಿರ ಹೇಳಿಕೊಂಡಿತೇ ಎಂದು ಒದ್ದಾಡಿಹೋದೆ. ಮನೆಗೆ ಬಂದು ಗೋಡೆ ಒರೆಸಿದೆ, ಪರದೆ ಕಿತ್ತು ಒಗೆದೆ.

ದಾನ್‌ಬಿ ಹೊಸ್ತಿಲ ಮೇಲೆ ಕೂತು ನೋಡುತ್ತಿದ್ದಳು. ಮುಂದಿನ ಹಲ್ಲು ಬಿದ್ದಿದೆ, ಮಾತು ಸೀಟಿಯ ಹಾಗೆ ಬರುತ್ತದೆ. "ಅಜ್ಜಿ, ಆ ಅಕ್ಕ ಕೇಳಿದಾಗ ನಾನು ತಪ್ಪು ಹೇಳಿದ್ನಾ?" ಎಂದು ಕೇಳಿದಳು. ಇಲ್ಲ ಪುಟ್ಟಿ ಎಂದೆ. "ತಪ್ಪು ಹೇಳಿದ್ದಕ್ಕೇ ಅತ್ತೆ ಮನೆಗೆ ಕಳಿಸ್ತಾರಾ?" ಎಂದಳು. ಸರಿ ತಪ್ಪು ಎಂಬುದಿಲ್ಲವೆಂದು ಹೇಳಿಸಿ, ಏಳು ವರ್ಷದ ಮಗುವಿಗೆ ಇಂಥ ಭಯವನ್ನು ಅಂಟಿಸಿ ಕಳಿಸಿದ್ದೀರಲ್ಲ, ಅದಕ್ಕಾಗಿ ತಮಗೆ ವಂದನೆಗಳನ್ನು ಹೇಳಲು ನನ್ನ ಬಳಿ ಪದಗಳಿಲ್ಲ. ಇದ್ದ ಪದಗಳನ್ನು ಅವತ್ತು ಗೋಡೆ ಒರೆಸುತ್ತಾ ಬಳಸಿ ಮುಗಿಸಿದೆ, ಮಗುವಿಗೆ ಕೇಳಿಸದ ಹಾಗೆ.

ಅದಾಗಿ ಕೆಲವು ದಿನಕ್ಕೆ, ಮುಂದಿನ ವಿಚಾರಣೆಗೆ ಮೊದಲು, ಪ್ಯೋ ಯುಜಿನ್ ಹೇಳದೆ ಕೇಳದೆ ನಮ್ಮ ಮನೆಗೆ ಬಂದಳು. ತಮ್ಮನ್ನು ಕಪಾಟಿನಲ್ಲೇ ಬಿಟ್ಟು ಬಂದಿದ್ದಳು, ಇದನ್ನು ತಾವು ಗಮನಿಸಬೇಕು. ನಾನು ಬಾಗಿಲಲ್ಲೇ ನಿಂತು, "ಇನ್ನೇನು ಕಂಡುಹಿಡಿಯೋಕೆ ಬಂದೆ ತಾಯಿ?" ಎಂದೆ. ಅವಳು ತಲೆ ತಗ್ಗಿಸಿ, "ಮಗು ಹೇಳಿದ್ದನ್ನ ನಾನು ಬರ್ಕೊಂಡಿದೀನಿ ಅಮ್ಮಾ. ಕಂಪ್ಯೂಟರ್ ಅದನ್ನ ಬೇರೆ ಥರ ಮಾಡಿದೆ. ಒಂದ್ಸಲ ನೋಡ್ಬೇಕು ಅನ್ನಿಸ್ತು" ಎಂದಳು. ಏನನ್ನು ನೋಡಬೇಕು ಎಂದು ನನಗೆ ತಿಳಿಯಲಿಲ್ಲ. ದಾನ್‌ಬಿಗೆ ತಿಳಿಯಿತು. ಅವಳು ಆ ಹುಡುಗಿಯ ಕೈ ಹಿಡಿದು ಎಳೆದುಕೊಂಡು ಅಂಗಳಕ್ಕೆ ಹೋದಳು.

ಅಂಗಳದ ತಂತಿಯ ಮೇಲೆ ಸಾಲು ಬೊಂಡಾಸಿನ ನಡುವೆ ನನ್ನ ಏಪ್ರನ್ ಒಣಗುತ್ತಿತ್ತು. ರಬ್ಬರಿನದು ಸೊಂಟ ಕೊರೆಯುತ್ತದೆಂದು ನಾನು ಅದರ ಬದಲು ಬಿಳಿ ಹತ್ತಿ ಬಟ್ಟೆಯದನ್ನೇ ಕಟ್ಟಿಕೊಳ್ಳುತ್ತೇನೆ. ಶಾಯಿ ಚೀಲ ಒಡೆದಾಗ ಚಿಮ್ಮುವುದೆಲ್ಲ ಅದರ ಮೇಲೆಯೇ. ಕೆಲಸ ಮುಗಿದ ಮೇಲೆ ಒದ್ದೆಯಿರುವಾಗಲೇ ನಡುವಿಗೆ ಮಡಚಿ ಚೀಲಕ್ಕೆ ಹಾಕಿಕೊಂಡು ಬರುತ್ತೇನೆ, ಮನೆಗೆ ಬಂದು ಬಿಚ್ಚಿ ತಂತಿಗೆ ಹಾಕುವಷ್ಟರಲ್ಲಿ ಎಡಗಡೆಯ ಕಲೆ ಬಲಗಡೆಗೂ ಅಚ್ಚಾಗಿರುತ್ತದೆ. ಒಗೆದರೂ ಪೂರ್ತಿ ಹೋಗುವುದಿಲ್ಲ, ಕಂದು ಬಣ್ಣಕ್ಕೆ ತಿರುಗಿ ಹಾಗೇ ಉಳಿಯುತ್ತದೆ. ಇಷ್ಟು ವರ್ಷ ಕಟ್ಟಿಕೊಂಡ ನಾನು ಅದನ್ನು ಒಮ್ಮೆಯೂ ದೂರ ನಿಂತು ನೋಡಿರಲಿಲ್ಲ. ಅವತ್ತು ಗಾಳಿಗೆ ಅದು ಬಿಚ್ಚಿಕೊಂಡು ನಿಂತಾಗ ನೋಡಿದೆ. ಮಾನ್ಯರೇ, ಸಾಕ್ಷಾತ್ ತಾವೇ.

"ನೋಡಿ, ಇದೇ ನಮ್ಮಜ್ಜಿ ಏಪ್ರನ್" ಎಂದು ದಾನ್‌ಬಿ ಆ ಹುಡುಗಿಗೆ ಹೇಳುತ್ತಿದ್ದಳು. "ನಿಮ್ಮ ಹತ್ರ ಇರೋದು ಇದರದ್ದೇ ಫೋಟೋ ಅಲ್ವಾ? ಅದು ಕಲೆ ಹೊಸದಾಗಿದ್ದಾಗಿಂದು. ಬಣ್ಣದ್ದು ಮಾತ್ರ ಯಾರದ್ದೋ ಗೊತ್ತಿಲ್ಲ." ಪ್ಯೋ ಯುಜಿನ್ ಹತ್ತಿರ ಹೋಗಿ ಏಪ್ರನ್ನಿನ ನಡುವಿನ ಮಡಿಕೆಯ ಗೆರೆಯನ್ನು ಬೆರಳಿನಿಂದ ಸವರಿ ನೋಡಿದಳು. ಆಮೇಲೆ ನಾನು ಅನ್ನ, ಕಡಲ ಪಾಚಿಯ ಸಾರು, ಹುಳಿ ಬರಿಸಿದ ಕೋಸಿನ ಕಿಮ್ಚಿ ಬಡಿಸಿದೆ, ಬೇಡ ಬೇಡ ಎನ್ನುತ್ತಲೇ ಎರಡು ಸಲ ಹಾಕಿಸಿಕೊಂಡು ಉಂಡಳು. ನಾನು ಮಗುವನ್ನು ಹೇಗೆ ಗದರುತ್ತೇನೆ, ಮಗು ನನಗೆ ಹೇಗೆ ಎದುರು ಮಾತಾಡುತ್ತದೆ, ಹೋಂವರ್ಕ್ ಯಾರು ಮಾಡಿಸುತ್ತಾರೆ, ಚಳಿಯ ರಾತ್ರಿ ಮಗು ಯಾರ ಮಗ್ಗುಲಲ್ಲಿ ಮಲಗುತ್ತದೆ ಎಂಬುದನ್ನೆಲ್ಲ ನನ್ನನ್ನೂ, ಪಕ್ಕದ ಮನೆಯ ಓಕ್‌ಬುನ್‌ಳನ್ನೂ ಕೇಳಿ ತಿಳಿದುಕೊಂಡಳು. ಕಾರ್ಡು ತೋರಿಸದೆಯೂ ಪ್ರಶ್ನೆ ಕೇಳಲು ಅವಳಿಗೆ ಬರುತ್ತಿತ್ತು ಎಂಬುದು ನನಗೆ ಆಶ್ಚರ್ಯವಾಯಿತು.

ವಿಚಾರಣೆಯ ದಿನ ಅವಳು ಎದ್ದು ನಿಂತು ಹೇಳಿದ್ದನ್ನು ತಾವು ಕಪಾಟಿನಲ್ಲಿದ್ದ ಕಾರಣ ಕೇಳಿಸಿಕೊಂಡಿಲ್ಲ, ಹಾಗಾಗಿ ಬರೆಯುತ್ತೇನೆ. "ಸ್ವಾಮಿ, ಮಗು ಹೇಳಿದ್ದು ಕೊಳಕು ಬಟ್ಟೆ ಅಂತಲ್ಲ, ಅಜ್ಜಿ ಏಪ್ರನ್ ಅಂತ. ಲೆಕ್ಕ ಹಾಕುವಾಗ ಅದು ಬಟ್ಟೆ ಅಂತಾಯ್ತು, ಕಲೆ ಅಂತಾಯ್ತು, ಅಜ್ಜಿ ಅನ್ನೋದಕ್ಕೆ ಅಲ್ಲಿ ಜಾಗ ಇರಲಿಲ್ಲ. ಆ ವರದಿಗೆ ಸಹಿ ಹಾಕಿದೋಳು ನಾನು, ತಪ್ಪು ನನ್ನದು. ಅವತ್ತು ಮಗು ಒಳಗೆ ಬಂದಾಗ ಕುರ್ಚಿಯ ತುದಿಯಲ್ಲಿ ನಡುಗ್ತಾ ಕೂತಿತ್ತು. ಮೊದಲನೇ ಕಾರ್ಡ್ ನೋಡಿದ ಮೇಲೆ ಹಿಂದಕ್ಕೆ ಒರಗಿ ಆರಾಮಾಗಿ ಕೂತುಕೊಳ್ತು. ಅದನ್ನ ನಾನು ನೋಡಿದ್ದೆ, ಆದ್ರೆ ಅದಕ್ಕೆ ಅಂಕ ಇಲ್ಲ ಅಂತ ಬರೀಲಿಲ್ಲ."

ನ್ಯಾಯಾಧೀಶರು ಕನ್ನಡಕ ತೆಗೆದಿಟ್ಟು, ಹಾಗಾದರೆ ಈ ಪರೀಕ್ಷೆಯಿಂದ ಉಪಯೋಗವೇನು ಎಂದು ಕೇಳಿದರು. ನಾನಾಗಿದ್ದರೆ ಏನೂ ಇಲ್ಲ ಎಂದುಬಿಡುತ್ತಿದ್ದೆ. ಅವಳು ತಮ್ಮ ಪರವಾಗಿಯೂ ನ್ಯಾಯವಾಗಿಯೇ ಮಾತಾಡಿದಳು. "ಮಾತೇ ಹೊರಡದವರ ಹತ್ರ ಮಾತು ಶುರು ಮಾಡೋಕೆ ಆಗತ್ತೆ. ಯೋಚನೆ ಹಳಿ ತಪ್ಪಿದೋರ ವಿಷ್ಯದಲ್ಲಿ ಒಂದು ಸುಳಿವೂ ಕೊಡಬಹುದು. ಆದ್ರೆ ನಾವು ಯಾರ ಉತ್ತರಗಳ ಜೊತೆ ಹೋಲಿಸಿ ನೋಡ್ತೀವೋ ಆ ಜನರಲ್ಲಿ ಬೊಂಡಾಸ್ ಸೀಳೋರು ಒಬ್ಬರಾದ್ರೂ ಇದ್ದಿದ್ದು ಅನುಮಾನ. ಒಂದು ಮಗುವನ್ನ ಯಾರು ಚೆನ್ನಾಗಿ ಸಾಕ್ತಾರೆ ಅಂತ ಇದು ಅಳೆಯಲ್ಲ. ಅಳೆಯತ್ತೆ ಅಂತ ನಾನು ಹೇಳಿದ್ರೆ ಅದು ಸುಳ್ಳಾಗತ್ತೆ." ಅಷ್ಟು ಸಣ್ಣ ದನಿಯ ಹುಡುಗಿಗೆ ಅಷ್ಟು 'ಗೊತ್ತಿಲ್ಲ'ಗಳನ್ನು ನ್ಯಾಯಾಲಯದ ನಡುವೆ ನಿಂತು ಹೇಳುವ ಧೈರ್ಯ ಎಲ್ಲಿಂದ ಬಂತೋ. ನನಗೆ ಅವಳನ್ನು ಅಪ್ಪಿಕೊಳ್ಳಬೇಕೆನ್ನಿಸಿತು, ಆದರೆ ಅದಕ್ಕೂ ಯಾರಾದರೂ ಅರ್ಥ ಹಚ್ಚಿಯಾರು ಎಂದು ಕೈಕಟ್ಟಿ ಕೂತೆ.

ಆಮೇಲೆ ಅವಳು ತಾನು ಮನೆಯಲ್ಲಿ ಕಂಡದ್ದನ್ನೂ ಕೇಳಿದ್ದನ್ನೂ ಒಂದೊಂದಾಗಿ ಹೇಳಿದಳು, ನ್ಯಾಯಾಧೀಶರು ಮಗುವನ್ನು ಬೇರೆ ಕೋಣೆಗೆ ಕರೆದು ತಾವೇ ಮಾತಾಡಿಸಿದರು. ತೀರ್ಪು ಬಂದಿದೆ, ಮಾನ್ಯರೇ. ದಾನ್‌ಬಿ ನನ್ನ ಜೊತೆ ಇರುತ್ತಾಳೆ. ರಜೆಯಲ್ಲಿ ಅತ್ತೆಯ ಮನೆಗೆ ಹೋಗಿ ಬರುತ್ತಾಳೆ, ಅದಕ್ಕೆ ನನ್ನ ತಕರಾರಿಲ್ಲ, ಲಿಫ್ಟಿನಲ್ಲಿ ಮೇಲೆ ಕೆಳಗೆ ಓಡಾಡುವುದು ಅವಳಿಗೂ ಇಷ್ಟ. ಹೋದ ವಾರ ಮ್ಯೋಂಗ್‌ಹೀ ಮಗುವಿಗೆ ಚಳಿಗಾಲದ ಕೋಟು ತಂದವಳು ನಮ್ಮಲ್ಲೇ ಊಟಕ್ಕೆ ನಿಂತಳು. ಒಂದು ಬಟ್ಟಲು ಮಕೊಲಿ, ಅಂದರೆ ನಮ್ಮ ಅಕ್ಕಿ ಹೆಂಡ, ಹೊಟ್ಟೆಗಿಳಿದ ಮೇಲೆ, "ಬೇಜಾರಾಗಬೇಡಿ ಅಮ್ಮಾ, ಒಂದು ಮಾತು ಹೇಳ್ತೀನಿ. ನಮ್ಮ ತಮ್ಮನೂ ನಾನೂ ಈ ಕರಾವಳೀಲೇ ಬೆಳೆದೋರು ತಾನೇ? ನಿಜ ಹೇಳ್ಬೇಕು ಅಂದ್ರೆ ನಂಗೂ ಅದರಲ್ಲಿ ಬೊಂಡಾಸೇ ಕಾಣಿಸ್ತು. ಟ್ಯೂಷನ್‌ನವರು ಚಿಟ್ಟೆ ಅಂದಿದ್ರು, ಚಿಟ್ಟೆ ಅಂದೆ" ಎಂದಳು. ಇಬ್ಬರೂ ನಕ್ಕೆವು. ಆಮೇಲೆ ಅವಳು ತಮ್ಮನನ್ನು ನೆನೆದು ಅತ್ತಳು, ನಾನು ಮಗಳನ್ನು ನೆನೆದು ಅತ್ತೆ, ಇದು ಯಾವ ಕಾರ್ಡಿನ ಉತ್ತರ ಎಂದು ಯಾರೂ ಕೇಳಲಿಲ್ಲ.

ಕಡೆಯದಾಗಿ ತಮ್ಮಲ್ಲಿ ಕೆಲವು ಸಣ್ಣ ಪ್ರಾರ್ಥನೆಗಳಿವೆ. ತಾವು ಒಂದು ದಿನ ಬಿಡುವು ಮಾಡಿಕೊಂಡು ನಮ್ಮ ಚಪ್ಪರಕ್ಕೆ ಬಂದು, ಹಲಗೆಯ ಮುಂದೆ ಕೂತು, ನಮ್ಮನ್ನು ನೋಡಿ ತಮಗೇನು ಕಾಣುತ್ತದೆಂದು ಹೇಳಬೇಕು. ನಾವು ಹೆಂಗಸರೆಲ್ಲ ತಲೆ ಎತ್ತದೆ ಬರೆದುಕೊಳ್ಳುತ್ತೇವೆ. ಬಣ್ಣದ ಮೂವರು ಬರುವಾಗ ಐಸು ಹಾಕಿಕೊಂಡು ಬರಬೇಕು. ಕಪಾಟಿನಲ್ಲಿ ಜಾಗವಿದ್ದರೆ ನನ್ನ ಹಳೆಯ ಏಪ್ರನ್ ಒಂದನ್ನು ಹನ್ನೊಂದನೆಯವರಾಗಿ ಸೇರಿಸಿಕೊಳ್ಳಬೇಕು, ಅನುಭವದಲ್ಲಿ ಅದು ತಮಗಿಂತ ಹಿರಿಯದು, ಅದರಲ್ಲಿ ಏನಿದೆ ಎಂದು ಕೇಳಿದರೆ ಖಚಿತವಾಗಿ ಹೇಳಬಲ್ಲ ಮಗುವೂ ಒಂದಿದೆ. ಮತ್ತು ಪ್ಯೋ ಯುಜಿನ್ ಮುಂದಿನ ವರ್ಷ ಮಗುವನ್ನು ನೋಡಲು ಬಂದಾಗ ಅವಳ ಚೀಲದಲ್ಲಿ ತಾವು ಇರಬಾರದು. ಊಟಕ್ಕೆ ಕರೆದಿರುವುದು ಅವಳೊಬ್ಬಳನ್ನೇ.

ಇತಿ, ತಮ್ಮನ್ನು ಎರಡು ಸಲ ಕಂಡು ಎರಡು ಬೇರೆ ಹೆಂಗಸರಾಗಿ ಮನೆಗೆ ಹೋದ,

ತಮ್ಮ ವಿಶ್ವಾಸಿ,
ತಾಕ್ ಮಾಲ್‌ಸುನ್
(ದಾನ್‌ಬಿಯ ಅಜ್ಜಿ ಮತ್ತು ಪಾಲಕಿ)

ವಿ.ಸೂ.: ಈ ಕಾಗದವನ್ನು ಹಲಗೆಯ ಪಕ್ಕದಲ್ಲೇ ಇಟ್ಟುಕೊಂಡು ಬರೆದದ್ದರಿಂದ ಕೆಳಗೆ ಬಲಮೂಲೆಯಲ್ಲಿ ಒಂದು ಹನಿ ಶಾಯಿ ಬಿದ್ದಿತ್ತು, ಮಡಚಿದಾಗ ಅದು ಎಡಮೂಲೆಗೂ ಅಂಟಿದೆ. ದಾನ್‌ಬಿ ಅದನ್ನು ನೋಡಿ ಅದೇನೆಂದು ತಕ್ಷಣ ಹೇಳಿಬಿಟ್ಟಳು, ಆದರೆ ನಾನು ತಮಗೆ ಹೇಳುವುದಿಲ್ಲ. ತಾವು ಹತ್ತೂ ಮಂದಿ ಒಬ್ಬೊಬ್ಬರಾಗಿ ನೋಡಿ, ಏನು ಕಾಣುತ್ತದೆಂದು ಬರೆದು ಕಳಿಸಿ. ಹೆದರಬೇಡಿ, ಸರಿ ತಪ್ಪು ಅಂತ ಏನೂ ಇಲ್ಲ.